ರಕ್ತದ ಗೂಡಿನಲ್ಲಿ ರಕ್ತವಿಲ್ಲ

ಮಲೇಷ್ಯಾದ ನಮ್ಮ ಸಿತಿಯಾವಾನ್ ಊರಿನಲ್ಲಿ ಸೊಸೆ ಬಸುರಿ ಎಂದು ಗೊತ್ತಾದರೆ ಸಾಕು, ಅತ್ತೆಯ ಒಲೆ ಮೇಲೆ ಹಕ್ಕಿಗೂಡಿನ ಸೂಪು ಏರುತ್ತದೆ. ಬಾನಾಡಿ ಎಂಬ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದ ಕಟ್ಟುವ ಗೂಡು ಅದು. ಹಕ್ಕಿ ಗೂಡು ಕಟ್ಟಲೆಂದೇ ಎಬ್ಬಿಸಿದ ನಮ್ಮ ಗೂಡಿನ ಮನೆಯಲ್ಲಿ ನಾನೂ ಪಕ್ಕದ ಮನೆಯ ಸ್ಯೂ ಹುವಾಳೂ ಒಂದೇ ಮೇಜಿಗೆ ಕೂತು, ನೆನೆಸಿದ ಗೂಡುಗಳಿಂದ ಚಿಮುಟದಲ್ಲಿ ಪುಕ್ಕ ಹೆಕ್ಕುವವರು.

ಅವಳ ಬಸುರಿ ಸೊಸೆ ಪಿಕ್ ಯಿಂಗ್ ಮೊನ್ನೆ ಅಡುಗೆಮನೆಯಲ್ಲೇ ತಲೆಸುತ್ತಿ ಬಿದ್ದಳು. ನಾನು ಓಡಿಹೋಗಿ ನೋಡಿದರೆ ತುಟಿ ಬಿಳಿಚಿಕೊಂಡಿತ್ತು. ನರ್ಸ್ ಜುರೈದಾಳನ್ನು ಕರೆಸಿದೆವು. ರಕ್ತ ಕಮ್ಮಿಯೆಂದು ಅವಳು ಕ್ಲಿನಿಕ್‌ನಲ್ಲಿ ಕೊಟ್ಟಿದ್ದ ಕಬ್ಬಿಣದ ಮಾತ್ರೆಗಳು ಕಲ್ಲುಸಕ್ಕರೆ ಡಬ್ಬಿಯ ಹಿಂದೆ ಹಾಗೇ ಬಿದ್ದಿದ್ದವು.

"ಯಾಕೆ ಕೊಟ್ಟಿಲ್ಲ ಆಂಟಿ?" ಎಂದು ಜುರೈದಾ ಸ್ಯೂ ಹುವಾಳನ್ನು ಕೇಳಿದಳು.

"ಅದು ಉಷ್ಣ ಕಣಮ್ಮಾ! ರಕ್ತ ಕಮ್ಮಿ ಅಂದ್ಯಲ್ಲ, ಅದಕ್ಕೇ ರಕ್ತದ ಗೂಡು ಕುದಿಸಿ ಕೊಡ್ತಿದೀನಿ. ನೋಡು, ಹೆಂಗೆ ಕೆಂಪಗಿದೆ! ಜೊಲ್ಲು ಬತ್ತಿದ ಮೇಲೆ ಹಕ್ಕಿ ರಕ್ತ ಕಾರಿ ಕಟ್ಟಿದ್ದು."

ನನಗೆ ಮೈಯೆಲ್ಲ ಉರಿದುಹೋಯಿತು.

"ಲೇ ಸ್ಯೂ ಹುವಾ, ಯಾರಿಗೆ ಕಥೆ ಹೇಳ್ತೀಯೇ? ನಮ್ಮ ಗೂಡಿನ ಮನೇಲಿ, ಹಿಕ್ಕೆ ರಾಶಿ ಬಿದ್ದ ಮೂಲೇಲಿ ಬಿಳೀ ಗೂಡೇ ಕೆಂಪಾಗೋದನ್ನ ನೀನೇ ನೋಡಿದೀಯಲ್ಲ! ಅಲ್ಲಿ ಯಾವ ಹಕ್ಕಿ ರಕ್ತ ಕಾರಿತ್ತು? ಹೇಳು!"

"ಅದು... ತೇವಕ್ಕೆ. ಹಿಕ್ಕೆಯ ಹಬೆಗೆ," ಎಂದಳು ಸ್ಯೂ ಹುವಾ.

"ಅಷ್ಟೇ ಆಂಟಿ," ಎಂದಳು ಜುರೈದಾ. "ಆ ಹಬೆಯಿಂದ ನೈಟ್ರೈಟ್ ಅನ್ನೋ ಕೆಟ್ಟದ್ದೂ ಗೂಡಿಗೆ ಸೇರುತ್ತೆ. ಬಸುರಿಗೆ ಬೇಡವೇ ಬೇಡ."

"ಹಂಗಾದ್ರೆ ಬಿಳೀದು? ಡಬ್ಬಿ ಮೇಲೆ ಆಂಟಿಆಕ್ಸಿಡೆಂಟ್ ಅಂತ ಬರೆದಿರ್ತಾರಲ್ಲ?" ಎಂದಳು ಸ್ಯೂ ಹುವಾ.

"ಸ್ವಚ್ಛ ಮಾಡಿದ ಬಿಳೀ ಗೂಡಲ್ಲಿ ಪ್ರೋಟೀನ್ ಇದೆ, ಇಲ್ಲ ಅನ್ನಲ್ಲ. ನೀವು ಹೇಳೋ ಗುಣಾನೂ ಪ್ರಯೋಗಶಾಲೇಲಿ ಕಂಡಿದೆ. ಗಾಜಿನ ನಳಿಕೇಲಿ ಕಂಡಿದ್ದು ಬಸುರಿ ಮೈಯಲ್ಲೂ ಆಗುತ್ತೆ ಅಂತ ಹೇಳೋಕಾಗಲ್ಲ. ಒಂದು ಬಟ್ಟಲು ಸೂಪಿನ ಪ್ರೋಟೀನ್ ಒಂದು ಮೊಟ್ಟೇಲೇ ಸಿಗುತ್ತೆ. ರಕ್ತ ಆಗೋಕೆ ಕಬ್ಬಿಣ ಬೇಕು. ಮಾತ್ರೆ ಕೊಡಿ, ಮೀನು, ಸೊಪ್ಪು ಕೊಡಿ. ಹೀಗೇ ಬಿಟ್ರೆ ಹೆರಿಗೇಲಿ ತಾಯಿ ಮಗು ಇಬ್ಬರಿಗೂ ಅಪಾಯ."

ಚಾಪೆ ಮೇಲೆ ಮಲಗಿದ್ದ ಪಿಕ್ ಯಿಂಗ್ ಮೆಲ್ಲಗೆ ಹೇಳಿದಳು: "ಮೊಟ್ಟೆ ಕೇಳಿದೆ ಅತ್ತೆ. ಗೂಡು ತಿಂದ ಮೇಲೆ ಬೇರೇನೂ ಬೇಡ ಅಂದ್ರಿ."

ಸ್ಯೂ ಹುವಾ ಎದ್ದಳು. ಕೆಂಪು ಸೂಪಿನ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದಳು. ಎರಡು ಮೊಟ್ಟೆ ಒಡೆದು ಬಾಣಲೆಗೆ ಹಾಕಿದಳು. ಚಹಾದ ಲೋಟ ಹಿಡಿದು ಬಂದವಳನ್ನು ಜುರೈದಾ ತಡೆದಳು: "ಮಾತ್ರೆಗೆ ಚಹಾ ಬೇಡ ಆಂಟಿ, ಕಬ್ಬಿಣ ಮೈಗೆ ಹತ್ತೋಕೆ ಅದು ಬಿಡಲ್ಲ. ನೀರು ಕೊಡಿ." ಸ್ಯೂ ಹುವಾ ನೀರು ತಂದು ಸೊಸೆಯ ತಲೆಯೆತ್ತಿ ಹಿಡಿದಳು.

"ನುಂಗಮ್ಮಾ. ಆಮೇಲೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ."

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹಿಕ್ಕೆಯ ಬಣ್ಣವನ್ನು ರಕ್ತವೆಂದು ಹೇಳಿ ಮಾರುವವರಿಗೆ ನಾಚಿಕೆಯಾಗಬೇಕು. ಗೊತ್ತಿದ್ದೂ ಕೊಳ್ಳುವ ನಮಗೂ ಆಗಬೇಕು. ಅತ್ತೆಯರೇ, ಅಮ್ಮಂದಿರೇ, ಬಿಳೀ ಗೂಡಿನ ಸೂಪು ಬೇಕಿದ್ದರೆ ಬಾಯಿ ರುಚಿಗೆ ಮಾಡಿ, ಮದ್ದೆಂದು ಮಾಡಬೇಡಿ. ಈಗಲೇ ಎದ್ದು ನಿಮ್ಮ ಕಲ್ಲುಸಕ್ಕರೆ ಡಬ್ಬಿಯ ಹಿಂದೆ ಕೈ ಹಾಕಿ ನೋಡಿ. ಅಲ್ಲಿ ಮಾತ್ರೆ ಸಿಕ್ಕರೆ, ಅದು ನಿಮ್ಮ ಸೊಸೆಗೂ ಅವಳ ಹೊಟ್ಟೆಯಲ್ಲಿರುವ ಮೊಮ್ಮಗುವಿಗೂ ಸೇರಬೇಕಾದದ್ದು.