ಫಿನೆಯಾಸಿಯ ಹಂದಿ, ಕಿತಿಯೋನೆಯ ಹೆಸರು

ಹಾಪಾಯ್ ದ್ವೀಪಗಳಲ್ಲಿ ಅಂಥ ಗಂಡುಹಂದಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಅದು ಗುಟುರು ಹಾಕಿದರೆ ತೆಂಗಿನಮರಗಳು ಹೆದರಿ ಕಾಯಿ ಉದುರಿಸುತ್ತಿದ್ದವು. ಅದು ಮೈ ತಿಕ್ಕಿಕೊಂಡರೆ ದ್ವೀಪವೇ ಒಂದು ಗೇಣು ಪಡುವಣಕ್ಕೆ ಸರಿಯುತ್ತಿತ್ತು. ಇಂಥದ್ದನ್ನು ಫಿನೆಯಾಸಿ ಮರಗೆಣಸಿನ ತೋಟದ ಹಿಂದೆ ಬಚ್ಚಿಟ್ಟಿದ್ದ. ಬೆಟ್ಟಕ್ಕೆ ಬುಟ್ಟಿ ಮುಚ್ಚಿದ ಹಾಗೆ. ವರ್ಷವರ್ಷವೂ ಚರ್ಚಿನ ಕಾಣಿಕೆಯ ದಿನ ಬೇಲಿಗೂಟದಂಥ ಒಂದು ಬಡಕಲು ಹಂದಿಯನ್ನು ಕೊಟ್ಟು, ಸಭೆಯ ಹಿರಿಯ ಇಸಿಲೆಲಿ ತನ್ನ ಹೆಸರನ್ನು ಕೂಗುವಾಗ ಎದೆ ಉಬ್ಬಿಸಿ ನಿಲ್ಲುತ್ತಿದ್ದ.

ಈ ಸಲ ಕಾಣಿಕೆಗೆ ಮುಂಚಿನ ಭಾನುವಾರ ಪಾದ್ರಿ, "ದೇವರಿಗೆ ಕೊಡೋದು ಮೊದಲನೇ ಪಾಲು ಕಣ್ರಪ್ಪಾ, ತಿಂದು ಮಿಕ್ಕಿದ್ದಲ್ಲ" ಅಂದರು.

ಹಿಂದಿನ ಬೆಂಚಿನಿಂದ ಫಿನೆಯಾಸಿಯ ಹೆಂಡತಿಯ ಅಣ್ಣ ಕಿತಿಯೋನೆ ಗಂಟಲು ಸರಿಮಾಡಿಕೊಂಡ. "ಭಾವಾ, ತೋಟದ ಹಿಂದಿರೋನಿಗೂ ಇದು ಕೇಳಿಸ್ತಾ?"

ಚರ್ಚಿನ ತಗಡುಚಾವಣಿ ಹಾರಿಹೋಗುವಷ್ಟು ನಗು. ಫಿನೆಯಾಸಿ ಧಡಕ್ಕನೆ ಎದ್ದ. "ಅದನ್ನೇ ಕೊಡ್ತೀನಿ! ನನ್ನ ಕೈಯಾರೆ ಕೊಂದು ತರ್ತೀನಿ. ಇನ್ನೊಬ್ಬ ಕೈ ಹಾಕಿದ್ರೆ ಕೈ ಮುರೀತೀನಿ!"

ಶುಕ್ರವಾರ ಬೆಳಿಗ್ಗೆ ಅವನು ಕತ್ತಿ ಹಿಡಿದು ತೋಟಕ್ಕೆ ನಡೆದ. ಹಂದಿಗೆ ದೇವರ ವಿಷಯ ಯಾರೂ ಹೇಳಿರಲಿಲ್ಲ. ಮೊದಲ ಏಟು ಅದರ ಭುಜದಲ್ಲಿ ಒಂದು ಬೆರಳಾಳ ಇಳಿದು ನಿಂತಿತು. ಹಂದಿ ತಿರುಗಿತು. ಬೇಲಿ ಪುಡಿಯಾಯಿತು, ಜೊತೆಗೆ ಬಂದಿದ್ದ ನಾಯಿ ಎರಡು ತುಂಡಾಯಿತು, ಕೋರೆ ಫಿನೆಯಾಸಿಯ ತೊಡೆಯನ್ನು ಮೊಣಕಾಲಿನವರೆಗೆ ಸೀಳಿತು. ಏಳು ಕೊಡ ರಕ್ತ ಹರಿಯಿತು. ಎಂಟು ಅಂದರೂ ನಾನು ಜಗಳಕ್ಕೆ ಬರುವುದಿಲ್ಲ. ಕೆಳಗೆ ಬಿದ್ದವನ ಎದೆಯ ಮೇಲೆ ಹಂದಿ ಹತ್ತಿ ನಿಂತಾಗ ಪಕ್ಕೆಲುಬುಗಳು ಒಣಕಟ್ಟಿಗೆಯಂತೆ ಲಟಲಟ ಅಂದವು.

ಗದ್ದಲ ಕೇಳಿ ಮುರಿದ ಬೇಲಿ ದಾಟಿ ಓಡಿಬಂದ ಕಿತಿಯೋನೆ ಗುಂಡಿ ತೋಡುವ ಹಾರೆಕೋಲನ್ನು ಹಂದಿಯ ಕುತ್ತಿಗೆಗೆ ಚುಚ್ಚಿದ. ಅದು ಅವನನ್ನು ಮೂರು ಸಲ ಮರಕ್ಕೆ ಅಪ್ಪಳಿಸಿತು. ಅವನು ಕೋಲು ಬಿಡಲಿಲ್ಲ. ನಾಲ್ಕನೆಯ ಸಲಕ್ಕೆ ಹಂದಿಯೇ ಕುಸಿಯಿತು.

ಮರುದಿನ ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಅದು ಕೆಂಪಗೆ ಸುಟ್ಟು, ಗೆಣಸಿನ ರಾಶಿಯ ನಡುವೆ ಮಲಗಿತ್ತು. ಇಸಿಲೆಲಿ ತಲೆ ಕೆರೆದುಕೊಂಡ. "ಸಾಕಿದೋನು ನೀನು, ಕೊಂದೋನು ಅವನು. ಯಾರ ಹೆಸರು ಕೂಗ್ಲಪ್ಪಾ?"

ಫಿನೆಯಾಸಿಯ ನಾಲಿಗೆಯ ತುದಿಯಲ್ಲೇ ತನ್ನ ಹೆಸರಿತ್ತು. ಆದರೆ ನಿನ್ನೆ ಹಂದಿಯ ಕಾಲಡಿ ಇನ್ನೇನು ಸತ್ತೆ ಅನ್ನುವಾಗಲೂ ಅವನಿಗೆ ನೆನಪಾದದ್ದು ದೇವರಲ್ಲ, ಇಸಿಲೆಲಿಯ ಕೂಗು. ಅದು ಅವನನ್ನು ಕೋರೆಗಿಂತ ಆಳವಾಗಿ ಇರಿದಿತ್ತು. ಹಂದಿಯನ್ನು ಕೊಟ್ಟು ಹೆಸರನ್ನು ಇಟ್ಟುಕೊಂಡರೆ ಈ ಸಲವೂ ಕೊಟ್ಟದ್ದು ಬಡಕಲೇ.

"ಕಿತಿಯೋನೆ ಅಂತ ಕೂಗು" ಅಂದ.

ಕಿತಿಯೋನೆಯ ಮುಖ ಕೆಂಡವಾಯಿತು. "ನಿನ್ನ ಭಿಕ್ಷೆ ಯಾರಿಗೆ ಬೇಕೋ? ಅನ್ನ ಹಾಕಿ ಬೆಳೆಸಿದೋನು ನೀನು. ನಿನ್ನ ಹೆಸರೇ ಕೂಗ್ಲಿ!"

"ನಿಂದೇ ಅಂದ್ನಲ್ಲ!"

"ಕೂಗಿಸಿದ್ರೆ ಹಲ್ಲು ಉದುರಿಸ್ತೀನಿ!"

ಉದುರಿಸಿಯೂ ಬಿಟ್ಟ. ಒಂದೇ ಗುದ್ದಿಗೆ ಎರಡು. ಫಿನೆಯಾಸಿ ಮುರಿದ ಪಕ್ಕೆಲುಬುಗಳ ಸಮೇತ ಮೇಲೆ ಬಿದ್ದ. ಭಾವಂದಿರಿಬ್ಬರೂ ಗೆಣಸಿನ ರಾಶಿಯಲ್ಲಿ ಉರುಳಿದರು. ಮೂಗು ಒಡೆಯಿತು, ಕಿವಿ ಹರಿಯಿತು, ಬಿಡಿಸಲು ಬಂದ ಪಾದ್ರಿಗೂ ಒಂದು ಪಾಲು ಸಿಕ್ಕಿತು. ಪಕ್ಕದ ದ್ವೀಪದವರು ಗುಡುಗೆಂದು ತಿಳಿದು ಒಣಹಾಕಿದ ಬಟ್ಟೆ ತೆಗೆದರಂತೆ.

ಆಗ ಮೆಲೆನೈಟೆ ಬಂದಳು. ಒಬ್ಬನ ಹೆಂಡತಿ, ಇನ್ನೊಬ್ಬನ ತಂಗಿ. ನಮ್ಮಲ್ಲಿ ತಂಗಿಯ ಮಾತೆಂದರೆ ಅಣ್ಣನಿಗೆ ರಾಜಾಜ್ಞೆ, ಗಂಡನಿಗೆ ಹಾಗೇನಿಲ್ಲ.

"ಅಣ್ಣಾ, ಕೈ ಇಳಿಸು" ಅಂದಳು.

ಕಿತಿಯೋನೆಯ ಎರಡೂ ಕೈ ತಟ್ಟನೆ ಕೆಳಗಿಳಿದವು. ಅಷ್ಟರಲ್ಲಿ ಫಿನೆಯಾಸಿಯ ಮುಷ್ಟಿ ಹೊರಟಾಗಿತ್ತು. ಅದು ದವಡೆಗೆ ಬಿದ್ದ ಸದ್ದಿಗೆ ಕೋಳಿಗಳು ಮೂರು ದಿನ ಮೊಟ್ಟೆಯಿಡಲಿಲ್ಲ. ಕಿತಿಯೋನೆ ಅಂಗಾತ ಮಲಗಿದ.

"ಈಗ ಕೂಗು" ಅಂದ ಫಿನೆಯಾಸಿ, ಏದುಸಿರು ಬಿಡುತ್ತ.

ಇಸಿಲೆಲಿ ಅಂಗಳ ನಡುಗುವಂತೆ ಕೂಗಿದ: "ಕಿತಿಯೋನೆಯ ಮನೆತನದಿಂದ, ದೇವರಿಗೆ!" ಕೆಳಗಿದ್ದವನು ಒಂದು ಕಣ್ಣು ತೆರೆದು, ಬೈಯಲು ಬಾಯಿ ತೆರೆದು, ಆಗದೆ ಅತ್ತುಬಿಟ್ಟ.

ಫಿನೆಯಾಸಿ ಅವನ ಪಕ್ಕದಲ್ಲೇ ಕುಸಿದು ಕೂತ. ಇನ್ನೊಬ್ಬರ ಹೆಸರಿಗೆ ಜನ್ಮದಲ್ಲೇ ಮೊದಲ ಬಾರಿ ಆಮೆನ್ ಅಂದ. ಆಮೆನ್ ಜೊತೆಗೆ ಮೂರನೆಯ ಹಲ್ಲೂ ಹೊರಬಿತ್ತು.