ಹನುಮವ್ವನ ಬದಲಿಗೆ

"ಇವತ್ತು ನನ್ ತಲೆಗೆ ನೀರು ಉಯ್ಯೋರು ಯಾರು?"

ರಾಮಮ್ಮ ಕೇಳಿದ್ದು ಗೋಡೆಯನ್ನು. ಮೊದಲ ಮಹಡಿಯ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು ಮಂಚ ಹಿಡಿದ ಮೇಲೆ, ಶುಕ್ರವಾರಕ್ಕೊಮ್ಮೆ ಅವರ ತಲೆಗೆ ನೀರೆರೆಯುತ್ತಿದ್ದವಳು ಹನುಮವ್ವ. ಅದೇ ಹೊತ್ತಿನಲ್ಲಿ ಕೆಳಗೆ, ಬಾಡಿಗೆ ಕೋಣೆಗಳ ಸಾಲಿನೆದುರು ಕಟ್ಟಿದ ಟಾರ್ಪಾಲಿನ ಮರೆಯಲ್ಲಿ, ಹನುಮವ್ವನಿಗೆ ಬಸಕ್ಕ ಕೊನೆಯ ನೀರು ಹಾಕುತ್ತಿದ್ದಳು.

"ಮಂದಿಗೆಲ್ಲಾ ನೀರು ಹಾಕಿದಾಕಿ," ಎಂದಳು ಪಕ್ಕದ ಕೋಣೆಯ ಬಸಕ್ಕ, ತಂಬಿಗೆ ಎತ್ತಿಕೊಂಡು. "ನಾ ಹಾಕೂದು ಚಲೋ ಇಲ್ಲಂತ ಈಗ ಎದ್ದು ಬೈತಾಳ ನೋಡು. ಕಿವಿ ಹಿಂದ ತಿಕ್ಕಲೇನವಾ, ಗಂಗೀ?"

"ತಿಕ್ಕು," ಎಂದಳು ಮಗಳು ಶಿವಗಂಗಾ. "ಅವ್ವ ಬಿಡತಿದ್ದಿಲ್ಲ."

ನಿನ್ನೆ ಸಂಜೆ ರಾಮಮ್ಮನ ಹಚ್ಚಡವನ್ನು ಟೆರೇಸಿನಲ್ಲಿ ಹಿಂಡುತ್ತಿದ್ದ ಹನುಮವ್ವ, ಅದೇ ಹಚ್ಚಡದ ಮೇಲೆ ಕುಸಿದಿದ್ದಳು. ಆಸ್ಪತ್ರೆಯಲ್ಲಿ ನಾಡಿ ಹಿಡಿದು ನೋಡಿ ಕೈಬಿಟ್ಟರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ಓಡಿ ಬಂದ ಶಿವಗಂಗಾ ಆಗಿನಿಂದ ಕಣ್ಣು ಮುಚ್ಚಿರಲಿಲ್ಲ. ಇನ್ನು ಸುರಪುರದಾಚೆಯ ತಮ್ಮೂರಿಗೆ ಒಯ್ಯಬೇಕು. ಆಂಬುಲೆನ್ಸ್ ಬೆಳಗಾಗುತ್ತಲೇ ಬಂದು ಬಾಗಿಲಲ್ಲಿ ನಿಂತಿತ್ತು.

ರಾಮಮ್ಮನ ಸೊಸೆ, ಮನೆ ಮಾಲೀಕ ರಾಮಾಂಜಿನಪ್ಪನ ಹೆಂಡತಿ ಭಾಗ್ಯಮ್ಮ ಚಹಾದ ಫ್ಲಾಸ್ಕ್ ಹಿಡಿದು ಬಂದರು. ಶಿವಗಂಗಾಳನ್ನು ಮೀಟರ್ ಬೋರ್ಡಿನ ಪಕ್ಕಕ್ಕೆ ಕರೆದರು.

"ಬೇಜಾರ್ ಮಾಡ್ಕೋಬೇಡ ಕಣೇ. ನಮ್ಮತ್ತೆಗೆ ಇನ್ನೂ ಹೇಳಿಲ್ಲ. ಹನುಮವ್ವ ಊರಿಗೆ ಹೋಗವ್ಳೆ ಅಂದಿದೀವಿ."

"ಹಂಗ್ಯಾಕ ಅಂದ್ರಿ, ಅಕ್ಕಾರ?"

"ಹೇಳಿದ್ರೆ ಅನ್ನ ಬಿಟ್ಬಿಡ್ತಾರೆ. ಚಂದಾಪುರದ ಆಚೆ ವಯಸ್ಸಾದೋರ ಹೋಮ್ ಒಂದು ನೋಡಿದೀವಿ. ಸಂಜೆ ಗಾಡಿ ಬರ್ತದೆ. ನಿಮ್ಮಮ್ಮ ಊರಿಗೆ ಹೋಗಿಲ್ಲ, ಅಲ್ಲಿ ಕೆಲಸಕ್ಕೆ ಸೇರವ್ಳೆ, ಅತ್ತೇನೇ ಕಾಯ್ತಾವ್ಳೆ ಅಂತ ಅವ್ರಿಗೆ ನೀನೊಂದ್ ಮಾತು ಹೇಳ್ಬಿಡು. ನೀನಂದ್ರೆ ನಂಬ್ತಾರೆ. ಗಲಾಟೆ ಇಲ್ದೆ ಗಾಡಿ ಹತ್ತುತಾರೆ."

ಹಿಂದೆಯೇ ಬಂದು ನಿಂತಿದ್ದ ರಾಮಾಂಜಿನಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ನಂಗೇ ಅರವತ್ತಾರು ಆತಮ್ಮ. ನಮ್ಮವ್ವನ್ನ ಎತ್ತಕಾಗಕಿಲ್ಲ. ಇವ್ಳ ಬೆನ್ನೂ ಓಗೈತೆ. ನಾವೇನು ಸಂತೋಸದಿಂದ ಕಳಿಸ್ತಿದೀವಾ?"

ಶಿವಗಂಗಾ ಟಾರ್ಪಾಲಿನ ಮರೆಗೆ ತಿರುಗಿ ಹೋದಳು. ಭಾಗ್ಯಮ್ಮ ಬಗ್ಗಿಸಿ ಕೊಟ್ಟ ಚಹಾ ಕೈಯಲ್ಲೇ ಆರಿತು.

*

ಹನುಮವ್ವ ಹೆಬ್ಬಗೋಡಿಗೆ ಬಂದದ್ದು ಇಟ್ಟಿಗೆ ಹೊರಲು. ಮೇಸ್ತ್ರಿಯ ತಾಯಿಗೆ ಲಕ್ವ ಹೊಡೆದಾಗ ನಾಲ್ಕು ದಿನ ನೋಡಿಕೊಳ್ಳಲು ಹೋದವಳು ಮತ್ತೆ ಇಟ್ಟಿಗೆ ಮುಟ್ಟಲಿಲ್ಲ. ಹದಿನೇಳು ವರ್ಷ ಎಷ್ಟೋ ಮನೆಗಳ ಹಿರಿಯರನ್ನು ಎತ್ತಿದಳು, ಒರೆಸಿದಳು, ಉಣಿಸಿದಳು. ಅಕ್ಷರ ಬಾರದ ಅವಳನ್ನೇ ಆ ಮನೆಗಳವರು ಕೇಳುತ್ತಿದ್ದರು: ಮನೆಯಲ್ಲೇ ಇಟ್ಟುಕೊಳ್ಳೋಣವೇ, ಹೋಮಿಗೆ ಬಿಡೋಣವೇ, ನೀವೇನಂತೀರಿ?

ಹಾಗೊಂದು ಭಾನುವಾರ ಶಿವಗಂಗಾಳೂ ಜೊತೆಗೆ ಹೋಗಿದ್ದಳು. ನಿವೃತ್ತ ಮೇಷ್ಟ್ರು ವೆಂಕಟಪ್ಪನವರ ಮನೆ. ಮಗ, ಮಗಳು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ಹನುಮವ್ವ ಅನ್ನ ಕಿವಿಚುತ್ತಿದ್ದವಳು ತಟ್ಟೆ ಹಿಡಿದೇ ಎದ್ದಳು.

"ಹೊರಗ ಬರ್ರಿ. ಅವರ ಮಾತು ಅವರ ಮುಂದ ಆಡ್ರಿ."

"ಅಪ್ಪ ನೊಂದ್ಕೋತಾರೆ," ಎಂದಳು ಮಗಳು.

"ನೊಂದುಕೊಳ್ಳಲಿ. ಮುಚ್ಚಿಟ್ಟು ಒಯ್ಯಾಕ ಅವರೇನು ಗಂಟುಮೂಟಿ ಅಲ್ಲ."

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ರೋಡಿನ ಕಡೆ ಕಿಟಕಿ ಇರೋ ಮಂಚ ಕೊಡ್ತಾರಾ ಕೇಳಿ," ಎಂದರು.

ವಾಪಸು ಬರುವಾಗ ಶಿವಗಂಗಾ ರೇಗಿದಳು. "ಮನ್ಯಾಗ ಇಟ್ಕೋರಿ ಅನ್ನಬೇಕಿಲ್ಲ? ನಿನ್ನ ಕೆಲಸಾನೇ ಹೋತಲ್ಲ ಈಗ."

"ನಾ ಇಲ್ಲದಾಗ ಅವರ ಮಗಳು ಸಿಟ್ಟಿಲೆ ಉಣಸ್ತಾಳ," ಎಂದಳು ಹನುಮವ್ವ. "ಸಿಟ್ಟಿನ ತುತ್ತು ಮೈಗೆ ಹತ್ತೂದಿಲ್ಲ."

ಹೊಸೂರು ರಸ್ತೆಯ ಬಸ್ಸು ತುಂಬಿತ್ತು. ಮೇಲಿನ ಸರಳು ಹಿಡಿಯಲು ಹನುಮವ್ವ ಕೈಯೆತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಇನ್ನೊಂದನ್ನು ಎತ್ತಿದಳು, ಅದೂ ಅಷ್ಟೇ. ಯಾರೂ ನೋಡಲಿಲ್ಲವೆಂಬಂತೆ ಎರಡನ್ನೂ ಇಳಿಸಿದಳು. ಹೆಬ್ಬಗೋಡಿ ಬರುವ ತನಕ ಶಿವಗಂಗಾ ಅವ್ವನ ಸೊಂಟ ಅಪ್ಪಿ ಹಿಡಿದು ನಿಂತಿದ್ದಳು. ಮರುದಿನ ಬೆಳಿಗ್ಗೆ ಹನುಮವ್ವ ಹೊಸದೊಂದು ಮನೆಗೆ ಕೆಲಸಕ್ಕೆ ಹೋದಳು.

*

ಹನುಮವ್ವನ ಹಣೆಗೆ ವಿಭೂತಿ ಹಚ್ಚಿ, ಸೀರೆ ಉಡಿಸಿ, ಚಾಪೆಯ ಮೇಲೆ ಮಲಗಿಸಿದ್ದರು. ಊರ ಕಡೆಯ ನಾಲ್ವರು ತಾಳ ಹಿಡಿದು ಭಜನೆಗೆ ಕೂತಿದ್ದರು. ರಾತ್ರಿ ಪಾಳಿ ಮುಗಿಸಿ ನೇರ ಬಂದವರು; ದನಿ ಒಡೆದಿತ್ತು, ಪದ ತಪ್ಪಿರಲಿಲ್ಲ.

ಸೋದರಮಾವ ಯಮನಪ್ಪ ಬಂದ. "ಗಂಗವ್ವಾ, ಡ್ರೈವರ್ ಗಡಿಬಿಡಿ ಮಾಡಾಕತ್ತಾನ. ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು."

"ಐದು ಮಿನಿಟ, ಮಾಮಾ."

ಅವಳು ಮಹಡಿ ಹತ್ತಿದಳು. ಭಾಗ್ಯಮ್ಮ ಬೆನ್ನು ಹಿಡಿದುಕೊಂಡು ಹಿಂಬಾಲಿಸಿದರು.

"ಯಾರದು? ಅನುಮವ್ವನ ಮಗಳಾ?" ರಾಮಮ್ಮ ಕತ್ತು ಹೊರಳಿಸಿದರು. "ತಾಳ ಯಾರ ಮನೇದು? ಕೇಳಿದ್ರೆ ನನ್ ಮಗ ಟೀವಿ ಅಂತಾನೆ. ಟೀವೀಲಿ ಕೆಮ್ಮುತಾರಾ?"

ಶಿವಗಂಗಾ ಮಂಚದ ಅಂಚಿಗೆ ಕೂತಳು. "ನಮ್ಮವ್ವ ತೀರಿಕೊಂಡ್ಲರಿ, ಅಜ್ಜಿ. ನಿನ್ನೆ ಸಂಜಿಮುಂದ. ಆಕಿದೇ ಭಜನಿ."

ಬಾಗಿಲಲ್ಲಿ ಭಾಗ್ಯಮ್ಮ, "ಅಯ್ಯೋ," ಎಂದರು.

"ಸಂಜಿಗೆ ನಿಮಗ ಗಾಡಿ ಬರ್ತೈತಂತ. ಹೋಮಿಗೆ ಕರಕೊಂಡು ಹೋಗ್ತಾರಂತ. ಅಕ್ಕಾರು ಇಲ್ಲೇ ಅದಾರ, ಅವರನ್ನ ಕೇಳ್ರಿ."

ರಾಮಮ್ಮನ ತುಟಿ ಮಾತ್ರ ಆಡುತ್ತಿತ್ತು. ದೇವರ ಹೆಸರಿರಬಹುದು. ಕೆಳಗೆ ಒಂದು ಪದ ಮುಗಿದು ಇನ್ನೊಂದು ಶುರುವಾಯಿತು.

"ಬಾಗ್ಯಾ, ದಿಟವೇನೆ?"

"ಹೂಂ ಅತ್ತೆ." ಭಾಗ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನನ್ ಕೈಲಿ ಆಗ್ತಿಲ್ಲ ಅತ್ತೆ."

"ಅಂಗಂತ ಯೋಳಬಾರದಾ? ಸೊಂಟ ಮುರ್ದೈತೆ ನಂಗೆ, ಬುದ್ಧಿ ಮುರ್ದಿಲ್ಲ."

ಅವರ ಕೈ ಹಾಸಿಗೆಯ ಮೇಲೆ ತಡವರಿಸಿ ಬಂದು ಶಿವಗಂಗಾಳ ಕೈ ಹಿಡಿಯಿತು.

"ಆ ಫ್ಯಾಕ್ಟ್ರೀಲಿ ಏನ್ ಕೊಡ್ತಾರೆ ನಿಂಗೆ? ಬುಟ್ಬಿಡು. ಊರಲ್ಲಿ ಕಾರ್ಯ ಮುಗಿಸ್ಕೊಂಡು ನೀನೇ ಬಂದ್ಬಿಡು, ನಿಮ್ಮವ್ವನ ಬದ್ಲು. ಅಲ್ಲೀಗಂಟ ಎಂಗೋ ನೂಕ್ತೀವಿ. ಗಾಡಿ ಬ್ಯಾಡ ಅಂತೀನಿ. ಅನುಮವ್ವನ ಕೈಯಂಗೇ ಐತೆ ನಿನ್ ಕೈ."

"ಹೌದು ಕಣೇ," ಭಾಗ್ಯಮ್ಮ ಎರಡು ಹೆಜ್ಜೆ ಒಳಗೆ ಬಂದರು. "ನೀನ್ ಬರ್ತೀನಿ ಅಂದ್ರೆ ಈಗ್ಲೇ ಫೋನ್ ಮಾಡಿ ಗಾಡಿ ಬೇಡ ಅಂತೀನಿ."

ಶಿವಗಂಗಾ ತನ್ನ ಕೈಯ ಮೇಲಿದ್ದ ಆ ಬೆರಳುಗಳನ್ನು ನೋಡಿದಳು. ಐದೂ ಉಗುರುಗಳನ್ನು ಒಂದೇ ಅಳತೆಗೆ, ದುಂಡಗೆ ಕತ್ತರಿಸಿತ್ತು. ಮೊನ್ನೆ ಮೊನ್ನೆ ಅವ್ವ ಕತ್ತರಿಸಿದ್ದು, ಬಸ್ಸಿನ ಸರಳಿಗೆ ಏಳದೆ ಹೋದ ಅದೇ ಕೈಗಳಿಂದ. ಕೆಳಗೆ ಆಂಬುಲೆನ್ಸಿನವನು ಹಾರನ್ ಒತ್ತಿದ. ಬೆರಳುಗಳ ಹಿಡಿತ ಬಿಗಿಯಾಯಿತು.

"ಇಲ್ರಿ ಅಜ್ಜಿ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ. "ನಾ ಬರೂದಿಲ್ಲ."