ಕೊಡದ ಮೇಲೆ ಕೊರೆಯದ ಹೆಸರು

ನನ್ನ ಗಂಡನ ಮಣ್ಣಿಗೆ ಬಂದಿದ್ದ ನೆಂಟರು ಹಿಟ್ನಾಳಕ್ಕೆ ಮರಳಿದ್ದರು. ಬೆಳಗ್ಗೆ ಎದ್ದು ಒಲೆ ಹಚ್ಚಿದೆ. ಗಂಡನ ಪಾಲಿನ ರೊಟ್ಟಿಯನ್ನೂ ಬಡಿದೆ. ಅವರಿಲ್ಲವೆಂದು ಆಮೇಲೆ ನೆನಪಾಯಿತು. ಅಳು ಬರಲಿಲ್ಲ.

ಅತ್ತೆ ದುರಗಮ್ಮ ಪಡಸಾಲೆಯಲ್ಲಿ ತಾಮ್ರದ ಕೊಡವೊಂದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಅದು ನಮ್ಮದಲ್ಲ. ನನ್ನ ಗಂಡ ಮಾರೆಪ್ಪ ಹಾಸಿಗೆಯಲ್ಲೇ ದೀಕ್ಷಾಸ್ನಾನ ಬೇಕೆಂದಾಗ, ಎದುರುಮನೆಯ ಹಸನಬೀಯನ್ನು ಅತ್ತೆಯೇ ಕೇಳಿ ತರಿಸಿಕೊಂಡ ಕೊಡ. ನಮ್ಮಲ್ಲಿದ್ದವು ಮಣ್ಣಿನವು.

“ಇದನ್ನ ಚರ್ಚಿಗೆ ಕೊಡತೀನಿ,” ಎಂದರು ಅತ್ತೆ. “ಹಸನಬೀಗೆ ನನ್ನ ಕಾಲಕಡಗ ಕೊಟ್ರ ಆತು. ಸೇವಾ ಮಾಡಿದವರ ಹೆಸರು ಎಲ್ಲಾ ಕಡೆ ಕೊರಸ್ತಾರ. ನನ್ನ ಮಗಂದೂ ಒಂದು ಇರಲಿ. ದೇವರು ಅದನ್ನಾದ್ರೂ ನೋಡ್ಯಾನು.”

ಅವರ ಅಂಜಿಕೆ ನನಗೆ ಗೊತ್ತಿತ್ತು. ಮಗನ ಆತ್ಮ ಉಳಿದು ರಕ್ಷಣೆ ಸಿಕ್ಕಿತೋ ಇಲ್ಲವೋ. ನನ್ನ ಗಂಡ, ಕಚೇರಿಯಿಂದ ನೇರ ಶೇಂದಿ ಅಂಗಡಿಗೆ ಹೋಗುತ್ತಿದ್ದವರು, ಪಾಸ್ಟರು ನಮ್ಮ ಕುಷ್ಟಗಿಗೆ ಬಂದಾಗಲೆಲ್ಲ ಅಣಕಿಸುತ್ತಿದ್ದವರು, ಕೊನೆಯ ವಾರ ಕ್ರಿಸ್ತನವರಾದರು. ಆಗ ಮಗ್ಗುಲು ಬದಲಿಸಲೂ ಶಕ್ತಿ ಇರಲಿಲ್ಲ.

ನಾನು ಹೈದರಾಬಾದಿನಲ್ಲಿ ಬಿ.ಎ. ಓದಿದವಳು. ಅತ್ತೆಗೆ ಇನ್ನಷ್ಟು ಹುಣಸೆಹಣ್ಣು ತಂದುಕೊಟ್ಟೆ.

ಭಾಂಡೆಗಳ ಮೇಲೆ ಹೆಸರು ಕೊರೆಯುವ ಗವಿಸಿದ್ದಪ್ಪ ಉಳಿ, ಸುತ್ತಿಗೆ ಹಿಡಿದು ಬಂದು ಕಟ್ಟೆಯ ಮೇಲೆ ಕೂತ.

“ಮಾರೆಪ್ಪನ ಸೇವಾ ಅಂತ ಕೊರಿ,” ಎಂದರು ಅತ್ತೆ.

“ಯಾವ ಸೇವಾರೀ ಯವ್ವಾ? ಶೇಂದಿ ಅಂಗಡಿ ಉದ್ಧಾರ ಮಾಡಿದ್ದೇನ್ರಿ?”

“ನಿನ್ನ ಬಾಯಿಗೆ ಬೆಂಕಿ ಬೀಳ! ಬಾಜೂಕ ಕುಂತು ನೀನೂ ಕುಡದೀಯಲ್ಲೋ!”

“ಅದಕ್ಕೇ ಕೇಳತೀನ್ರಿ. ನನಗ ಗೊತ್ತಿಲ್ಲದ ಸೇವಾ ಯಾವುದು?”

ಅತ್ತೆ ನನ್ನ ಕಡೆ ತಿರುಗಿದರು. “ಕಲತಾಕಿ ಅದೀ. ನೀ ಹೇಳು.”

“ಅತ್ತೀ, ಆ ದಿನ ನೀರು ತಂದವರು ಯಾರ್ರಿ?”

“ನಾನು.”

“ಕೊಡ?”

“ಹಸನಬೀದು.”

“ನಿಮ್ಮ ಮಗನ ತಲಿ ಎತ್ತಿ ಹಿಡದವರು?”

“ನೀನು. ನೀರು ಹಾಕಿದವರು ಪಾಸ್ಟರು.”

“ನಿಮ್ಮ ಮಗ ಏನು ಮಾಡಿದ್ರು?”

“ಏನು ಮಾಡತಾನ? ‘ನನ್ನ ಕಡೆ ಏನೂ ಇಲ್ಲ, ಹಿಂಗೇ ತಗೋ ಯೇಸಪ್ಪಾ’ ಅಂದ.”

“ಅಷ್ಟು ವರ್ಷ ನಕ್ಕ ಬಾಯಾಗ ಆ ಮಾತು ಇಟ್ಟವರು ಯಾರು?”

ಅತ್ತೆ ತಿಕ್ಕುವುದನ್ನು ನಿಲ್ಲಿಸಿದರು. “ದೇವರು.”

“ಶಿಲುಬಿ ಹೊತ್ತವರು?”

“ಆತನೇ.”

“ಹಂಗಾರ ಇದರಾಗ ನಿಮ್ಮ ಮಗಂದು ಅಂತ ಕೊರಸಾಕ ಏನೈತ್ರಿ?”

ಹೇಳಿದ ಮೇಲೆ ಅಂಜಿದೆ. ಹೆತ್ತವಳೆದುರು ಆಡುವ ಮಾತಲ್ಲ. ಅತ್ತೆ ಕೊಡವನ್ನು ದಿಟ್ಟಿಸಿದರು. ಇದ್ದಕ್ಕಿದ್ದಂತೆ ಕೈತಟ್ಟಿ ನಕ್ಕರು.

“ಏನೂ ಇಲ್ಲ! ನನ್ನ ಮಗ ಕೈಯಿಟ್ಟದ್ದೆಲ್ಲಾ ಕೆಡಿಸ್ಯಾನ. ಇದರಾಗ ಅಂವ ಕೆಡಸಾಕ ಏನೂ ಇಲ್ಲ ನೋಡು! ಪೂರಾ ದೇವರ ಕೆಲಸ. ಅದಕ್ಕ ಅಂವ ದೇವರ ಕೈಯಾಗ ಉಳದಾನ! ಗವಿಸಿದ್ದಾ, ಉಳಿ ಕಟ್ಟಿಡೋ. ಚಾ ಕುಡದು ಹೋಗು.”

ಎದುರುಮನೆಗೆ ಮರಳಿಸಲೆಂದು ಕೊಡ ತೊಳೆದು ನಾನು ಸೊಂಟದ ಮೇಲಿಟ್ಟುಕೊಂಡೆ. ಅತ್ತೆ ಬರಿಗಾಲಲ್ಲಿ ಮುಂದೆ ಓಡಿದರು. ಅವರ ದನಿ ಓಣಿಯುದ್ದಕ್ಕೂ ಕೇಳುತ್ತಿತ್ತು.

“ಹಸನಬೀ, ನನ್ನ ಮಗ ಉಳದಾನ! ನಂದೇನೂ ಇಲ್ಲ, ಅವಂದೇನೂ ಇಲ್ಲ, ಎಲ್ಲಾ ದೇವರೇ ಮಾಡ್ಯಾನ!”

ಹಸನಬೀ ಹೊಸ್ತಿಲಿಗೆ ಬಂದು ಅತ್ತೆಯ ಕೈ ಹಿಡಿದುಕೊಂಡರು. “ಭಾಳ ಛಲೋ ಆತು ಅಕ್ಕಾ.” ಕೊಡ ನೋಡಿ ಕಣ್ಣರಳಿಸಿದರು. “ಅಯ್ಯ, ಹಿಂಗ ತಿಕ್ಕೀರಿ? ಇದು ನಂದು ಅನಸವಲ್ಲದು!”

“ನಿಮ್ಮದೇರಿ,” ಎಂದೆ. ಕೊಡವನ್ನು ಅವರ ಕೈಗಿತ್ತೆ.